ಪರೀಕ್ಷೆಗೆ ಮೊದಲೇ ನಪಾಸು!



ನಮ್ಮ ಮನೆಯ ಮಕ್ಕಳನ್ನು ಅತಿ ಹೆಚ್ಚಾಗಿ ನಪಾಸು ಮಾಡುವ ಪರೀಕ್ಷೆ ಯಾವುದೆಂದು ಬಲ್ಲಿರಾ? ಅದಕ್ಕೆ ಪ್ರಶ್ನೆಪತ್ರಿಕೆಯಿಲ್ಲ, ಹಾಲ್‌ಟಿಕೇಟು ಇಲ್ಲ, ಮೇಲ್ವಿಚಾರಕರಿಲ್ಲ. ಅದರ ಫಲಿತಾಂಶವನ್ನು ಯಾರೂ ಗೋಡೆಗೆ ಹಚ್ಚುವುದಿಲ್ಲ. ಅದರ ಹೆಸರು ಅರ್ಜಿ. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಮುಗಿಸಿದ ಹುಡುಗನೋ ಹುಡುಗಿಯೋ ಎಂ.ಎ., ಎಂ.ಕಾಂ., ಎಂ.ಎಸ್ಸಿ.ಗೆ ಸೇರಲು ಹಾಕಬೇಕಾದ ಅರ್ಜಿ.

ಈ ಅರ್ಜಿಯಲ್ಲಿ ಬಿದ್ದುಹೋದ ಮಕ್ಕಳ ಲೆಕ್ಕವನ್ನು ಯಾವ ಸರಕಾರವೂ ಇಡುವುದಿಲ್ಲ. ಪರೀಕ್ಷೆಗೆ ಕುಳಿತು ಸೋತವರ ಸಂಖ್ಯೆ ಪತ್ರಿಕೆಯಲ್ಲಿ ಬರುತ್ತದೆ. ಅರ್ಜಿಯ ಕಡೆಯ ದಿನ ದಾಟಿದ್ದರಿಂದ, ಪ್ರಮಾಣಪತ್ರದ ನಮೂನೆ ಬೇರೆಯಾದದ್ದರಿಂದ, ಹೆಸರಿನ ಮುಂದೆ ಮನೆತನದ ಹೆಸರು ಬಂದದ್ದರಿಂದ ಮನೆಗೆ ಮರಳಿದವರ ಸಂಖ್ಯೆ ಎಲ್ಲಿಯೂ ಬರುವುದಿಲ್ಲ. ಅಂಥ ಮಗುವಿನ ತಂದೆಯನ್ನು ಕೇಳಿದರೆ, "ಹಣೆಯಲ್ಲಿ ಬರೆದಿರಲಿಲ್ಲ ಬಿಡಿ" ಎನ್ನುತ್ತಾನೆ. ಹಣೆಯಲ್ಲಿ ಏನು ಬರೆದಿತ್ತೋ ನಾನು ಕಾಣೆ. ಅರ್ಜಿಯಲ್ಲಿ ಏನು ಬರೆಯಬೇಕಿತ್ತೆಂದು ಅವನಿಗೆ ಯಾರೂ ಹೇಳಿರಲಿಲ್ಲವೆಂಬುದನ್ನು ಮಾತ್ರ ಬಲ್ಲೆ.

ಬರೆಯುತ್ತಿರುವ ನಾನು ಏಳನೆಯ ತರಗತಿ ಮುಗಿಸಿ ಲೋಟ ತೊಳೆಯಲು ಬಂದವನು. ಆಮೇಲೆ ಟೇಬಲು ಒರೆಸಿ, ಸಪ್ಲೈಯರನಾಗಿ, ಈಗ ಸಂಘದ ಕೆಲಸ ಹಿಡಿದಿದ್ದೇನೆ. ಎಂ.ಎ. ಎಂದರೇನೆಂದು ಹೇಳಲು ಇವನಾರು ಎಂದು ಕೇಳುವ ಪಂಡಿತರಿದ್ದಾರೆ. ಎಂ.ಎ.ಯ ಒಳಗೆ ಏನಿದೆಯೆಂದು ನಾನು ಹೇಳಹೊರಟಿಲ್ಲ. ಅದರ ಬಾಗಿಲಲ್ಲಿ ನಮ್ಮವರನ್ನು ನಿಲ್ಲಿಸುವ ರೀತಿಯನ್ನು ಹೇಳಹೊರಟಿದ್ದೇನೆ. ಬಾಗಿಲ ಹೊರಗೆ ನಿಂತವನಿಗೇ ಬಾಗಿಲ ವಿಷಯ ಚೆನ್ನಾಗಿ ಗೊತ್ತು.

ಎರಡು ಆಕ್ಷೇಪಣೆಗಳು

ಸಂಘದಲ್ಲಿ ಈ ಮಾತು ಎತ್ತಿದಾಗಲೆಲ್ಲ ಎರಡು ಆಕ್ಷೇಪಣೆಗಳು ಬರುತ್ತವೆ. ಮೊದಲನೆಯದು: "ಹೋಟೆಲಿನವರ ಮಕ್ಕಳಿಗೆ ಡಿಗ್ರಿಯೇ ಹೆಚ್ಚಾಯಿತು. ಇನ್ನು ಎರಡು ವರ್ಷ ಕೂಡಿಸಿ ಓದಿಸಿ ಮಾಡುವುದೇನು?" ಎರಡನೆಯದು: "ಸಂಘದ ಕೆಲಸ ಮಜೂರಿ, ಪಿ.ಎಫ್., ಇ.ಎಸ್.ಐ. ಕಾಲೇಜಿನ ಅರ್ಜಿ ತುಂಬುವುದು ನಮ್ಮ ಕೆಲಸವಲ್ಲ."

ಮೊದಲನೆಯದಕ್ಕೆ ಉತ್ತರ ಹೇಳುತ್ತೇನೆ. ಮಾಲೀಕರ ಮಗ ಡಿಗ್ರಿ ಮುಗಿಸಿ ಮುಂದಕ್ಕೆ ಓದಲು ಲಂಡನ್ನಿಗೋ ಅಮೆರಿಕಕ್ಕೋ ಹೋಗುವಾಗ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದುಂಟೇ? ಅವನಿಗೆ ಹಾರ ಹಾಕಿ ಕಳಿಸುತ್ತೇವೆ. ಅದೇ ಹೋಟೆಲಿನ ದೋಸೆ ಕಲ್ಲಿನ ಮುಂದೆ ನಿಂತವನ ಮಗಳು ಎಂ.ಎ. ಎಂದರೆ ಎಲ್ಲರಿಗೂ ಖರ್ಚಿನ ನೆನಪಾಗುತ್ತದೆ. ಡಿಗ್ರಿ ಕಾಲೇಜಿನಲ್ಲಿ ಅಧ್ಯಾಪಕರಾಗಬೇಕಾದರೆ ಸ್ನಾತಕೋತ್ತರ ಪದವಿಯಲ್ಲಿ ನೂರಕ್ಕೆ ೫೫ ಅಂಕ ಬೇಕು, ಅದರ ಮೇಲೆ ನೆಟ್ ಅಥವಾ ಸೆಟ್ ಪರೀಕ್ಷೆ ಪಾಸಾಗಬೇಕು. ಪರಿಶಿಷ್ಟರಿಗೆ, ಹಿಂದುಳಿದವರಿಗೆ ಅಂಕದಲ್ಲಿ ಸ್ವಲ್ಪ ರಿಯಾಯಿತಿ ಇದೆ. ಪದವಿಗೆ ರಿಯಾಯಿತಿ ಇಲ್ಲ. ಅಂದರೆ ಎಂ.ಎ.ಯ ಬಾಗಿಲು ಮುಚ್ಚಿದ ಮನೆಗೆ ಕಾಲೇಜಿನ ಅಧ್ಯಾಪಕ ಹುದ್ದೆಯ ಬಾಗಿಲೂ ಮುಚ್ಚಿತು, ಸಂಶೋಧನೆಯ ಬಾಗಿಲೂ ಮುಚ್ಚಿತು. ನಮ್ಮ ಮಕ್ಕಳಿಗೆ ಪಾಠ ಹೇಳುವವರಲ್ಲಿ, ಪುಸ್ತಕ ಬರೆಯುವವರಲ್ಲಿ, ಕೂಲಿಯ ಕಾಯಿದೆಗೆ ಕರಡು ತಯಾರಿಸುವವರಲ್ಲಿ ನಮ್ಮ ಮನೆಯವರು ಅಪರೂಪವೇಕೆ ಎಂಬುದಕ್ಕೆ ಬೇರೆ ಸಂಶೋಧನೆ ಬೇಕಿಲ್ಲ.

ಎರಡನೆಯದಕ್ಕೂ ಉತ್ತರವಿದೆ. ಪಿ.ಎಫ್. ಹಣ ತೆಗೆಯುವ ನಮೂನೆಯನ್ನು ನಮ್ಮವರಿಗೆ ತುಂಬಿಕೊಟ್ಟವರು ಯಾರು? ಸಂಘ. ಇ.ಎಸ್.ಐ. ಕಾರ್ಡಿನಲ್ಲಿ ಹೆಂಡತಿಯ ಹೆಸರು ತಪ್ಪಿದ್ದಾಗ ಕಚೇರಿಗೆ ಅಲೆದವರು ಯಾರು? ಸಂಘ. ನಮೂನೆಯ ಒಂದು ಮನೆ ಖಾಲಿ ಬಿಟ್ಟರೆ ಹತ್ತು ವರ್ಷದ ದುಡಿಮೆಯ ಹಣ ನಿಂತುಹೋಗುತ್ತದೆಂಬ ಸತ್ಯವನ್ನು ನಮ್ಮಷ್ಟು ಬಲ್ಲವರಿಲ್ಲ. ತಂದೆಯ ಹಣ ತೆಗೆಸಿಕೊಡುವ ಸಂಘಕ್ಕೆ ಮಗಳ ಸೀಟು ತೆಗೆಸಿಕೊಡುವುದು ಪರಕೀಯವೆನಿಸಬೇಕೇ?

ಬಾಗಿಲು ಹಳೆಯದು, ಬೀಗ ಹೊಸದು

ಹೈದರಾಬಾದಿನ ಕನ್ನಡಿಗರಿಗೆ ಈ ಬಾಗಿಲಿನ ತಕರಾರು ಹೊಸದೇನಲ್ಲ. ೧೯೧೮ರಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಫರ್ಮಾನಿನಿಂದ ಉಸ್ಮಾನಿಯಾ ವಿಶ್ವವಿದ್ಯಾನಿಲಯ ಹುಟ್ಟಿತು. ಇಂಗ್ಲಿಷನ್ನು ಬದಿಗಿಟ್ಟು ಉರ್ದುವಿನಲ್ಲಿ ಉನ್ನತ ವಿದ್ಯೆ ಕಲಿಸಿದ ಧೈರ್ಯವನ್ನು ಮೆಚ್ಚಬೇಕಾದದ್ದೇ. ಆದರೆ ಸಂಸ್ಥಾನದ ಬಹುಪಾಲು ಜನ ತೆಲುಗು, ಮರಾಠಿ, ಕನ್ನಡ ಆಡುವವರು. ಬೀದರ, ಕಲಬುರ್ಗಿ, ರಾಯಚೂರುಗಳ ರೈತನ ಮಗ ಮನೆಯಲ್ಲಿ ಕನ್ನಡ ಆಡಿ, ಉರ್ದುವಿನಲ್ಲಿ ಪರೀಕ್ಷೆ ಬರೆದು ಈ ಊರಿಗೆ ಓದಲು ಬರಬೇಕಾಯಿತು. ೧೯೩೮ರಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ವಿದ್ಯಾರ್ಥಿಗಳನ್ನು ಉಸ್ಮಾನಿಯಾದಿಂದ ಹೊರಗೆ ಹಾಕಿದರು. ಆಗ ನಾಗಪುರ ವಿಶ್ವವಿದ್ಯಾನಿಲಯ ಅಂಥವರಿಗೆ ಬಾಗಿಲು ತೆರೆಯಿತು. ಬಾಗಿಲು ಮುಚ್ಚುವುದೂ ತೆರೆಯುವುದೂ ಮನುಷ್ಯರ ಕೈಯಲ್ಲೇ ಇದೆ, ದೇವರ ಕೈಯಲ್ಲಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

೧೯೪೮ರ ಪೋಲೀಸು ಕಾರ್ಯಾಚರಣೆಯ ತರುವಾಯ ಉರ್ದು ಹೋಗಿ ಇಂಗ್ಲಿಷು ಬಂತು. ಬೀಗ ಬದಲಾಯಿತು, ಕೀಲಿ ನಮ್ಮ ಕೈಗೆ ಬರಲಿಲ್ಲ. ೧೯೫೬ರ ನವೆಂಬರ್ ೧ರಂದು ಬೀದರ, ಕಲಬುರ್ಗಿ, ರಾಯಚೂರುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಇಲ್ಲಿ ಉಳಿದ ಕನ್ನಡಿಗರೂ ಆಮೇಲೆ ಹೊಟ್ಟೆಪಾಡಿಗೆ ಬಂದ ಕನ್ನಡಿಗರೂ ಅಲ್ಪಸಂಖ್ಯಾತರಾದೆವು. ೧೯೭೪ರಲ್ಲಿ ಹೈದರಾಬಾದು ಕೇಂದ್ರೀಯ ವಿಶ್ವವಿದ್ಯಾನಿಲಯ ಬಂತು. ೧೯೮೨ರಲ್ಲಿ ದೇಶದ ಮೊದಲನೆಯ ಮುಕ್ತ ವಿಶ್ವವಿದ್ಯಾನಿಲಯವೂ ಈ ಊರಿನಲ್ಲೇ ಹುಟ್ಟಿತು. ಇಂದು ಅದಕ್ಕೆ ಡಾ. ಬಿ.ಆರ್. ಅಂಬೇಡ್ಕರರ ಹೆಸರು. ಹಗಲು ದುಡಿದು ರಾತ್ರಿ ಓದುವ ಹೋಟೆಲ್ ಕಾರ್ಮಿಕನೂ ಅಲ್ಲಿ ಡಿಗ್ರಿ ಪಡೆಯಬಲ್ಲ. ಊರಿನಲ್ಲಿ ವಿದ್ಯೆಗೆ ಬರವಿಲ್ಲ ಎಂದಾಯಿತು. ಕೆರೆ ತುಂಬಿದೆ, ಕೊಡಕ್ಕೆ ಹಗ್ಗವಿಲ್ಲ.

ಹಗ್ಗದ ಬೆಲೆ

ಹಗ್ಗದ ಬೆಲೆ ಎಷ್ಟೆಂದು ನೋಡೋಣ. ೨೦೨೨ರಿಂದ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸ್ನಾತಕೋತ್ತರ ಪ್ರವೇಶಕ್ಕೆ ದೇಶಕ್ಕೆಲ್ಲ ಒಂದೇ ಪರೀಕ್ಷೆ ಬಂದಿದೆ. ಅದರ ಹೆಸರು ಸಿ.ಯು.ಇ.ಟಿ.-ಪಿ.ಜಿ. ಕಂಪ್ಯೂಟರಿನ ಮುಂದೆ ಕುಳಿತು ಬರೆಯಬೇಕು. ಸರಿಯುತ್ತರಕ್ಕೆ ೪ ಅಂಕ, ತಪ್ಪಿಗೆ ೧ ಅಂಕ ಕಡಿತ. ೨೦೨೫ರಲ್ಲಿ ಎರಡು ಪತ್ರಿಕೆಗಳ ತನಕ ಅರ್ಜಿ ಶುಲ್ಕ ಸಾಮಾನ್ಯ ವರ್ಗಕ್ಕೆ ೧೪೦೦ ರೂಪಾಯಿ, ಹಿಂದುಳಿದವರಿಗೆ ೧೨೦೦, ಪರಿಶಿಷ್ಟರಿಗೆ ೧೧೦೦. ಉಸ್ಮಾನಿಯಾ ಮೊದಲಾದ ತೆಲಂಗಾಣ ರಾಜ್ಯದ ವಿಶ್ವವಿದ್ಯಾನಿಲಯಗಳಿಗೆ ಬೇರೆಯೇ ಪರೀಕ್ಷೆ, ಅದು ಸಿ.ಪಿ.ಗೆಟ್. ಅದಕ್ಕೆ ಒಂದು ವಿಷಯಕ್ಕೆ ೮೦೦ ರೂಪಾಯಿ, ಪರಿಶಿಷ್ಟರಿಗೆ ೬೦೦, ಇನ್ನೊಂದು ವಿಷಯ ಸೇರಿಸಿದರೆ ಮತ್ತೆ ೪೫೦.

ಕೂಡಿಸಿ ನೋಡಿ. ಸಾಮಾನ್ಯ ವರ್ಗದ ಬಡವನ ಮಗ ಎರಡೂ ಕಡೆ ಒಂದೊಂದು ಅರ್ಜಿ ಹಾಕಿದರೆ ೨೨೦೦ ರೂಪಾಯಿ. ಪರಿಶಿಷ್ಟರ ಮಗಳು ಹಾಕಿದರೆ ೧೭೦೦. ಇಷ್ಟೂ ಸೀಟಿನ ಬೆಲೆಯಲ್ಲ. ಕೇಳುವುದಕ್ಕೆ ಕೊಡುವ ಬೆಲೆ. ಸೀಟು ಸಿಗದಿದ್ದರೆ ಕಟ್ಟಿದ ಹಣ ಮರಳುವುದಿಲ್ಲ. ಇದರ ಮೇಲೆ ಇಂಟರ್‌ನೆಟ್ ಅಂಗಡಿಯವನ ಕೂಲಿ, ಮೀಸೇವಾ ಕೇಂದ್ರದ ಶುಲ್ಕ, ಊರಿಗೆ ಹೋಗಿಬರುವ ಬಸ್ಸಿನ ಚಾರ್ಜು, ರಜೆ ಹಾಕಿದ ದಿನದ ಸಂಬಳ. ಉಳ್ಳವರ ಮಗ ಐದಾರು ಕಡೆ ಅರ್ಜಿ ಹಾಕಿ ಒಳ್ಳೆಯದನ್ನು ಆರಿಸಿಕೊಳ್ಳುತ್ತಾನೆ. ನಮ್ಮವನು ಒಂದೇ ಕಡೆ ಹಾಕಿ ದೇವರಿಗೆ ಕೈ ಮುಗಿಯುತ್ತಾನೆ. ಇಬ್ಬರಿಗೂ ಒಂದೇ ಪರೀಕ್ಷೆ, ಇದೇ ಸಮಾನತೆ ಎಂದು ಭಾಷಣ ಮಾಡುತ್ತಾರೆ!

ಭಾಷೆಯ ವಿಷಯ ಇದಕ್ಕಿಂತ ವಿಚಿತ್ರ. ಡಿಗ್ರಿ ಪ್ರವೇಶಕ್ಕೆ ನಡೆಯುವ ಇದೇ ಹೆಸರಿನ ಪರೀಕ್ಷೆ ಕನ್ನಡವೂ ಸೇರಿ ೧೩ ಭಾಷೆಗಳಲ್ಲಿ ನಡೆಯುತ್ತದೆ. ಸ್ನಾತಕೋತ್ತರದ ಹೊತ್ತಿಗೆ, ಭಾಷಾ ಪತ್ರಿಕೆಗಳನ್ನೂ ಬೇರೆ ಕೆಲವನ್ನೂ ಬಿಟ್ಟರೆ, ಪ್ರಶ್ನೆಪತ್ರಿಕೆ ಇಂಗ್ಲಿಷು ಮತ್ತು ಹಿಂದಿಯಲ್ಲಿ ಮಾತ್ರ. ಮೂರು ವರ್ಷದಲ್ಲಿ ಕನ್ನಡಕ್ಕೆ ಏನಾಯಿತು? ಹನ್ನೆರಡನೆಯ ತರಗತಿ ಮುಗಿಸಿದವನ ಕನ್ನಡ ಪ್ರಶ್ನೆ ಕೇಳಲು ಸಾಕಾಗುತ್ತದೆ, ಡಿಗ್ರಿ ಮುಗಿಸಿದವನ ಕನ್ನಡ ಸಾಕಾಗುವುದಿಲ್ಲವೇ? "ಪಾಠ ಇಂಗ್ಲಿಷಿನಲ್ಲಿ ನಡೆಯುವಾಗ ಪರೀಕ್ಷೆ ಕನ್ನಡದಲ್ಲಿ ಯಾಕೆ?" ಎಂದು ವಾದಿಸುವವರಿದ್ದಾರೆ. ಹಾಗಾದರೆ ಹಿಂದಿಯಲ್ಲಿ ಯಾಕೆ? ಲಖನೌದ ಹುಡುಗ ಸಮಾಜಶಾಸ್ತ್ರವನ್ನು ತನ್ನ ಭಾಷೆಯಲ್ಲಿ ಓದಿಕೊಂಡು ಉತ್ತರ ಗುರುತಿಸಬಹುದು. ಕಲಬುರ್ಗಿಯ ಹುಡುಗಿಗೆ ಸಮಾಜಶಾಸ್ತ್ರದ ಜೊತೆಗೆ ಇಂಗ್ಲಿಷಿನ ಪರೀಕ್ಷೆಯೂ ನಡೆಯುತ್ತದೆ. ಹಿಂದಿಯವರಿಗೆ ಸಿಕ್ಕ ಸವಲತ್ತನ್ನು ಕಿತ್ತುಕೊಳ್ಳಿ ಎಂದು ನಾವು ಕೇಳುತ್ತಿಲ್ಲ. ಅದೇ ತಕ್ಕಡಿಯಲ್ಲಿ ನಮ್ಮನ್ನೂ ತೂಗಿರಿ ಎನ್ನುತ್ತಿದ್ದೇವೆ.

ಎಲ್ಲಿಯವನು ನೀನು?

ಹಣ ಕೂಡಿತು, ಭಾಷೆಯನ್ನೂ ಹೇಗೋ ದಾಟಿದನು ಎನ್ನಿ. ಆಗ ಅರ್ಜಿ ಕೇಳುತ್ತದೆ: ನೀನು ಎಲ್ಲಿಯವನು?

ತೆಲಂಗಾಣದ ರಾಜ್ಯ ವಿಶ್ವವಿದ್ಯಾನಿಲಯಗಳಲ್ಲಿ ನೂರಕ್ಕೆ ೮೫ ಸೀಟು ಸ್ಥಳೀಯರಿಗೆ. ಇದು ೧೯೭೪ರ ರಾಷ್ಟ್ರಪತಿಗಳ ಆದೇಶದಿಂದ ಬಂದ ಪದ್ಧತಿ. ಅರ್ಹತಾ ಪರೀಕ್ಷೆಯ ತನಕ ಒಂದೇ ಸಮನೆ ನಾಲ್ಕು ವರ್ಷ ಇಲ್ಲಿಯ ಶಾಲೆ ಕಾಲೇಜುಗಳಲ್ಲಿ ಓದಿರಬೇಕೆಂಬುದು ಅದರ ಮುಖ್ಯ ಅಳತೆ. ಶಾಲೆಗೇ ಹೋಗದ ವರ್ಷಗಳಿದ್ದರೆ ಇಲ್ಲಿಯ ವಾಸವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಸ್ಥಳೀಯರಿಗೆ ಸೀಟು ಇಡುವುದನ್ನು ನಾವು ವಿರೋಧಿಸುವುದಿಲ್ಲ. ಹಿಂದುಳಿದ ಸೀಮೆಗೆ ರಕ್ಷಣೆ ಬೇಕೇ ಬೇಕು. ಆದರೆ ನಮ್ಮ ಮಕ್ಕಳ ಓದು ಹೇಗೆ ನಡೆಯುತ್ತದೆ ನೋಡಿ. ತಂದೆ ಕಾಚಿಗುಡದ ಹೋಟೆಲಿನಲ್ಲಿ, ತಾಯಿ ಬೀದರದ ಹಳ್ಳಿಯಲ್ಲಿ. ಮಗ ಎರಡು ವರ್ಷ ಇಲ್ಲಿ, ಮೂರು ವರ್ಷ ಅಲ್ಲಿ, ಪುನಃ ಇಲ್ಲಿ. ರೂಮು ಸಿಕ್ಕಿದಾಗ ಸಂಸಾರ ಬರುತ್ತದೆ, ಕೆಲಸ ಹೋದಾಗ ಸಂಸಾರ ಊರಿಗೆ ಹೋಗುತ್ತದೆ. ಅವನ ನಾಲ್ಕು ವರ್ಷ ಒಂದೇ ಕಡೆ ಎಲ್ಲಿ ಕೂಡಬೇಕು?

ಊರಿನ ಕಡೆಗೆ ತಿರುಗಿದರೆ ಅಲ್ಲಿ ಸಂವಿಧಾನದ ೩೭೧ ಜೆ ಕಲಮು ಇದೆ. ದೀರ್ಘ ಹೋರಾಟದಿಂದ ೨೦೧೨ರ ತಿದ್ದುಪಡಿಯಲ್ಲಿ ಬಂದು, ೨೦೧೩ರಿಂದ ನಡೆಯುತ್ತಿರುವ ಹಕ್ಕು ಅದು. ಕಲ್ಯಾಣ ಕರ್ನಾಟಕದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ ೭೦ ಸೀಟು, ರಾಜ್ಯದ ಉಳಿದ ಕಡೆ ನೂರಕ್ಕೆ ೮ ಸೀಟು ಆ ಸೀಮೆಯವರಿಗೆ. ೧೯೮೦ರಲ್ಲಿ ಹುಟ್ಟಿದ ಗುಲ್ಬರ್ಗ ವಿಶ್ವವಿದ್ಯಾನಿಲಯ ನಮ್ಮ ಬೀದರ, ಕಲಬುರ್ಗಿಯ ಮಕ್ಕಳಿಗೆ ರಾತ್ರಿಯ ರೈಲಿನಷ್ಟು ಹತ್ತಿರ. ಆದರೆ ಆ ಹಕ್ಕಿಗೂ ಉಪವಿಭಾಗಾಧಿಕಾರಿಯವರ ಸಹಿಯ ಪ್ರಮಾಣಪತ್ರ ಬೇಕು. ಅದು ಕೇಳಿದ ದಿನವೇ ಕೈಗೆ ಬರುವ ವಸ್ತುವಲ್ಲ. ಸೀಟಿನ ಪಟ್ಟಿ ಬಂದ ಮೇಲೆ ಓಡಿದರೆ ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದ ಹಾಗೆ. ಇನ್ನು ಕುಂದಾಪುರ, ಉಡುಪಿ ಕಡೆಯಿಂದ ಬಂದವರ ಮಕ್ಕಳಿಗೆ ಆ ಹಕ್ಕೂ ಇಲ್ಲ. ಇಲ್ಲಿ ನಾಲ್ಕು ವರ್ಷ ಕೂಡದಿದ್ದರೆ ಇಲ್ಲಿಯ ೮೫ರಲ್ಲೂ ಇಲ್ಲ.

ಜಾತಿಯ ಪ್ರಮಾಣಪತ್ರದ ಹಕೀಕತ್ತು ಇನ್ನೂ ಕಠಿಣ. ಮರ್ರಿ ಚಂದ್ರಶೇಖರ ರಾವ್ ಎಂಬವರ ಮೊಕದ್ದಮೆಯನ್ನು ನಮ್ಮ ಪ್ರತಿಯೊಬ್ಬ ಸದಸ್ಯನೂ ತಿಳಿದಿರಬೇಕು. ಆಂಧ್ರದಲ್ಲಿ ಪರಿಶಿಷ್ಟ ಪಂಗಡವೆಂದು ಗುರುತಾದ ಸಮುದಾಯದವರು. ತಂದೆಯ ನೌಕರಿಗಾಗಿ ಮುಂಬಯಿಗೆ ಬಂದು ಬೆಳೆದವರು. ಅಲ್ಲಿಯ ಸೇಠ್ ಜಿ.ಎಸ್. ಮೆಡಿಕಲ್ ಕಾಲೇಜಿಗೆ ಮೀಸಲಾತಿಯಲ್ಲಿ ಸೀಟು ಕೇಳಿದರು. ಒಂದು ರಾಜ್ಯದ ಪರಿಶಿಷ್ಟನು ಇನ್ನೊಂದು ರಾಜ್ಯಕ್ಕೆ ವಲಸೆ ಹೋದರೆ ಆ ರಾಜ್ಯದ ಮೀಸಲಾತಿ ಕೇಳಲಾಗದೆಂದು ೧೯೯೦ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಅಂದರೆ ಅಸ್ಪೃಶ್ಯತೆ ರೈಲು ಹತ್ತಿ ನಮ್ಮ ಜೊತೆಗೆ ಬರುತ್ತದೆ, ಅದರ ಪರಿಹಾರ ಮಾತ್ರ ಗಡಿಯಲ್ಲಿ ಇಳಿದುಬಿಡುತ್ತದೆ! ತೀರ್ಪು ತೀರ್ಪೇ. ಆದರೆ ಕೇಂದ್ರ ಸರಕಾರದ ಸಂಸ್ಥೆಗಳ ಮಾತು ಬೇರೆ. ತಂದೆಯ ಮೂಲ ರಾಜ್ಯದ ಪ್ರಮಾಣಪತ್ರದ ಆಧಾರದ ಮೇಲೆ ವಲಸೆ ಬಂದವರ ಮಕ್ಕಳಿಗೂ ಪ್ರಮಾಣಪತ್ರ ಕೊಡುವುದಕ್ಕೆ ಕೇಂದ್ರದ ನಮೂನೆಯಲ್ಲಿ ಜಾಗವುಂಟು. ಕರ್ನಾಟಕದ ಪರಿಶಿಷ್ಟರ ಮಗಳಿಗೆ ಈ ಊರಿನಲ್ಲಿ ತೆರೆದಿರುವ ದೊಡ್ಡ ಬಾಗಿಲು ಕೇಂದ್ರೀಯ ವಿಶ್ವವಿದ್ಯಾನಿಲಯ ಎಂದಾಯಿತು. ಈ ಸಂಗತಿಯನ್ನು ಅವಳಿಗೆ ಹೇಳುವವರು ಯಾರು? ಇಂಟರ್‌ನೆಟ್ ಅಂಗಡಿಯವನೇ?

ಹಿಂದುಳಿದ ವರ್ಗದವರಿಗೂ ಇದೇ ಗೋಳು. ರಾಜ್ಯದ ಪ್ರಮಾಣಪತ್ರ ಬೇರೆ, ಕೇಂದ್ರದ ನಮೂನೆ ಬೇರೆ. ಕರ್ನಾಟಕದ ಪಟ್ಟಿಯಲ್ಲಿರುವ ಜಾತಿ ತೆಲಂಗಾಣದ ಪಟ್ಟಿಯಲ್ಲಿ ಇಲ್ಲದೆ ಇರಬಹುದು. ಕೆನೆಪದರಕ್ಕೆ ಸೇರಿಲ್ಲವೆಂಬ ಮಾತು ಅದರಲ್ಲಿ ಬರೆದಿರಬೇಕು, ಅದೂ ಹೊಸದಾಗಿ ಪಡೆದದ್ದಾಗಿರಬೇಕು. ನಮ್ಮ ಸಂಘದ ಸದಸ್ಯರೊಬ್ಬರ ಮಗಳು ಬಿ.ಎ.ಯಲ್ಲಿ ಚೆನ್ನಾಗಿ ಪಾಸಾಗಿ, ಪ್ರವೇಶ ಪರೀಕ್ಷೆಯನ್ನೂ ಗೆದ್ದು, ದಾಖಲೆ ತೋರಿಸುವ ದಿನ ರಾಜ್ಯದ ನಮೂನೆಯ ಕಾಗದ ಹಿಡಿದು ನಿಂತಳು. ಕೇಂದ್ರದ ನಮೂನೆ ತರಲು ಕೊಟ್ಟ ಮುದ್ದತ್ತು ಮುಗಿಯುವುದರೊಳಗೆ ತಹಶೀಲ್ದಾರರ ಸಹಿ ಸಿಗಲಿಲ್ಲ. ಸೀಟು ಮುಂದಿನವರಿಗೆ ಹೋಯಿತು. ಎರಡೂ ಕಾಗದದಲ್ಲಿ ಬರೆದ ಜಾತಿ ಒಂದೇ, ತಂದೆಯ ಸಂಬಳ ಒಂದೇ! "ಬರುವ ವರ್ಷ ನೋಡೋಣ" ಎಂದರು ಮನೆಯವರು. ಬರುವ ವರ್ಷದೊಳಗೆ ಅವಳ ಮದುವೆಯಾಯಿತು. ಉಳ್ಳವರ ಮನೆಯಲ್ಲಿ ಒಂದು ವರ್ಷ ತಪ್ಪಿದರೆ ಒಂದು ವರ್ಷವೇ ತಪ್ಪುತ್ತದೆ. ನಮ್ಮ ಮನೆಯಲ್ಲಿ ಒಂದು ವರ್ಷ ತಪ್ಪಿದರೆ ಹುಡುಗಿಯ ಕೊರಳಿಗೆ ತಾಳಿ, ಹುಡುಗನ ಕೈಗೆ ತಟ್ಟೆ.

ಮಾಲೀಕರಿಗೆ ಒಂದು ಮಾತು

ಆದಾಯದ ಪ್ರಮಾಣಪತ್ರ ಬೇಕೆಂದರೆ ಸಂಬಳದ ಚೀಟಿ ತೋರಿಸೆನ್ನುತ್ತಾರೆ. ನಮ್ಮಲ್ಲಿ ಎಷ್ಟು ಹೋಟೆಲುಗಳು ಚೀಟಿ ಕೊಡುತ್ತವೆ? ಗಲ್ಲಾಪೆಟ್ಟಿಗೆಯಿಂದ ಎಣಿಸಿ ಕೈಗೆ ಕೊಡುವುದೇ ಸಂಬಳ. ವಿಳಾಸ ಕೇಳಿದರೆ ಹೋಟೆಲಿನ ಮಾಳಿಗೆಯೇ ವಿಳಾಸ, ಅದಕ್ಕೆ ಬಾಡಿಗೆಯ ಕರಾರಿಲ್ಲ. ತಂದೆ ಇಪ್ಪತ್ತು ವರ್ಷ ಈ ಊರಿನವರ ಹೊಟ್ಟೆ ತುಂಬಿಸಿದ್ದಾನೆ, ಆದರೆ ಅವನು ಈ ಊರಿನಲ್ಲಿ ಇದ್ದನೆಂಬುದಕ್ಕೆ ಒಂದು ಚೂರು ಕಾಗದವಿಲ್ಲ. ತಂದೆಗೆ ಕಾಗದ ಕೊಡದವನು ಮಗನ ಸೀಟನ್ನೂ ಕಿತ್ತುಕೊಂಡ ಹಾಗೆ.

೨೦೨೫ರ ನವೆಂಬರ್ ೨೧ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಮೇಲೆ ಕಾರ್ಮಿಕ ಸಂಘಗಳಿಗೆ ದೊಡ್ಡ ತಕರಾರುಗಳಿವೆ, ಅದನ್ನು ಬೇರೆ ಲೇಖನದಲ್ಲಿ ನೋಡೋಣ. ಆದರೆ ಕೆಲಸಗಾರನಿಗೆ ನೇಮಕಪತ್ರ ಮತ್ತು ಸಂಬಳದ ಚೀಟಿ ಕೊಡಬೇಕೆಂದು ಅವೇ ಹೇಳುತ್ತವೆ. ನೌಕರರನ್ನು ತೆಗೆಯುವ ಅನುಕೂಲಕ್ಕೆ ಹೊಸ ಕಾಯಿದೆಯ ಪುಟ ತಿರುವುವ ಮಾಲೀಕರು ಚೀಟಿಯ ಪುಟವನ್ನೂ ತಿರುವಿ ನೋಡಲಿ.

ಉದ್ದೇಶಪತ್ರದ ವ್ಯಾಪಾರ

ಪರದೇಶದ ವಿಶ್ವವಿದ್ಯಾನಿಲಯಗಳೂ ಇಲ್ಲಿಯ ಕೆಲವು ಸಂಸ್ಥೆಗಳೂ ಅರ್ಜಿಯ ಜೊತೆಗೆ ಒಂದು ಉದ್ದೇಶಪತ್ರ ಕೇಳುತ್ತವೆ. ನೀನು ಯಾರು, ಯಾಕೆ ಓದಬೇಕು, ಓದಿ ಏನು ಮಾಡುವೆ ಎಂದು ಒಂದೆರಡು ಪುಟ ಬರೆಯಬೇಕು. ಇಬ್ಬರೋ ಮೂವರೋ ಅಧ್ಯಾಪಕರ ಶಿಫಾರಸು ಪತ್ರವೂ ಬೇಕು. ಅಮೀರ್‌ಪೇಟೆ, ದಿಲ್‌ಸುಖ್‌ನಗರಗಳಲ್ಲಿ ಗೋಡೆ ಕಾಣದಷ್ಟು ಬೋರ್ಡುಗಳಿವೆ. ಹಣ ಕೊಟ್ಟರೆ ಈ ಉದ್ದೇಶವನ್ನೂ ಬರೆದುಕೊಡುವ ಅಂಗಡಿಗಳು ಊರಿನಲ್ಲಿವೆ. ಮನುಷ್ಯನ ಉದ್ದೇಶವೂ ಪ್ಲೇಟಿನ ಲೆಕ್ಕದಲ್ಲಿ ಮಾರಾಟಕ್ಕೆ ಬಂದ ಕಾಲವಿದು.

ನಮ್ಮ ಮಕ್ಕಳು ಆ ಅಂಗಡಿಗೆ ಹೋಗಬೇಕಾಗಿಲ್ಲ. ಅವರಿಗೆ ಬರೆಯಲು ವಿಷಯದ ಕೊರತೆಯೇ? ಬೆಳಗಿನ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ಬಿದ ಮನೆಯಲ್ಲಿ ಓದಿದವನು ಅರ್ಥಶಾಸ್ತ್ರ ಯಾಕೆ ಬೇಕೆಂದು ಬರೆಯಲಾರನೇ? ಕನ್ನಡ, ತೆಲುಗು, ಉರ್ದು ಮೂರನ್ನೂ ಬೀದಿಯಲ್ಲಿ ಕಲಿತವಳು ಭಾಷಾಶಾಸ್ತ್ರ ಯಾಕೆಂದು ಹೇಳಲಾರಳೇ? ಅದನ್ನು ಕಣ್ಣೀರು ಬರಿಸಲು ಬರೆಯಬಾರದು, ಸುಳ್ಳು ಸೇರಿಸಲೂ ಬಾರದು. ಯಾವ ವಿಷಯ ಓದಿದೆ, ಯಾವ ಪ್ರಶ್ನೆ ತಲೆಯಲ್ಲಿ ಕುಳಿತಿದೆ, ಅದಕ್ಕೆ ಉತ್ತರ ಹುಡುಕಲು ಆ ವಿಭಾಗವೇ ಏಕೆ ಬೇಕು, ಇಷ್ಟನ್ನು ನೆಟ್ಟಗೆ ಬರೆದರೆ ಆಯಿತು. ಬರೆದದ್ದನ್ನು ಓದಿಬಂದವರೊಬ್ಬರು ತಿದ್ದಿಕೊಡಲಿ. ತಿದ್ದುವುದಕ್ಕೂ ಬರೆದುಕೊಡುವುದಕ್ಕೂ ವ್ಯತ್ಯಾಸವಿದೆ.

ಪರದೇಶವೆಂದರೆ ನಮಗಲ್ಲ ಎನ್ನುವವರು ಕೇಳಿ. ೧೯೧೩ರಲ್ಲಿ ಬಾಬಾಸಾಹೇಬ ಅಂಬೇಡ್ಕರರು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಓದಲು ಹೋದದ್ದು ಬರೋಡದ ಮಹಾರಾಜರ ವಿದ್ಯಾರ್ಥಿವೇತನದಿಂದ. ಮೂರು ವರ್ಷದ ವೇತನಕ್ಕೆ ಹತ್ತು ವರ್ಷದ ಸೇವೆಯ ಕರಾರು. ಅಂಥ ಮೇಧಾವಿಗೂ ಮೊದಲ ಮೆಟ್ಟಿಲಿಗೆ ಒಂದು ಕೈ ಬೇಕಾಯಿತು. ಇಂದು ತೆಲಂಗಾಣ ಸರಕಾರ ಪರಿಶಿಷ್ಟರಿಗೆ ಅಂಬೇಡ್ಕರರ ಹೆಸರಿನಲ್ಲಿ, ಹಿಂದುಳಿದವರಿಗೆ ಜ್ಯೋತಿಬಾ ಫುಲೆಯವರ ಹೆಸರಿನಲ್ಲಿ ಪರದೇಶದ ಸ್ನಾತಕೋತ್ತರ ಓದಿಗೆ ೨೦ ಲಕ್ಷ ರೂಪಾಯಿಯ ತನಕ ಸಹಾಯ ಇಟ್ಟಿದೆ. ಅದಕ್ಕೂ ಅರ್ಜಿ, ಅದಕ್ಕೂ ಕಾಗದ. ಹಣ ಇದೆಯೆಂಬ ಸುದ್ದಿಯೇ ನಮ್ಮ ಓಣಿಗೆ ಬರುವುದಿಲ್ಲವೆಂದರೆ ಇಟ್ಟವರದೊಂದೇ ತಪ್ಪೇ? ತಂದು ಮುಟ್ಟಿಸದ ನಾವು ಯಾತಕ್ಕಿದ್ದೇವೆ?

ಈಗ ಮಾಡಬೇಕಾದದ್ದು

ಬರಿ ಬೈದರೆ ಆಗಲಿಲ್ಲ. ಸಂಘದ ಮುಂದೆ ನಾನು ಇಡುವ ಕಾರ್ಯಕ್ರಮ ಇದು.

ಒಂದನೆಯದು, ಸಂಘದ ಕಚೇರಿಯಲ್ಲಿ ಅರ್ಜಿಯ ಮೇಜು. ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಏಳುವ ಮೊದಲು, ಮೂರರಿಂದ ಐದು. ನಮ್ಮವರಿ‌ಗೆ ಬಿಡುವು ಇರುವ ಹೊತ್ತು ಅದೊಂದೇ. ಒಂದು ಕಂಪ್ಯೂಟರು, ಒಂದು ಸ್ಕ್ಯಾನರು ಸಾಕು. ಅರ್ಜಿಗೆ ತಂದೆಯ ಮೊಬೈಲು ನಂಬರು ಕೊಡಬೇಡಿ, ಮಕ್ಕಳ ಸ್ವಂತ ನಂಬರು ಕೊಡಿ. ಓ.ಟಿ.ಪಿ. ಬರುವ ಹೊತ್ತಿಗೆ ತಂದೆ ಒಲೆಯ ಮುಂದೆ ಇರುತ್ತಾನೆ.

ಎರಡನೆಯದು, ವರ್ಷದ ಪಂಚಾಂಗ. ೨೦೨೫ರ ಕೇಂದ್ರದ ಪರೀಕ್ಷೆಗೆ ಅರ್ಜಿ ಜನವರಿಯಲ್ಲಿ ತೆರೆದು ಫೆಬ್ರವರಿಯ ಮೊದಲಿಗೆ ಮುಚ್ಚಿತು, ಪರೀಕ್ಷೆ ಮಾರ್ಚಿಯಲ್ಲಿ ನಡೆಯಿತು. ಡಿಗ್ರಿಯ ಕಡೆಯ ಪರೀಕ್ಷೆಗೂ ಮೊದಲೇ ಇದೆಲ್ಲ ಆಗಿಹೋಗುತ್ತದೆಂಬುದು ನಮ್ಮ ಅನೇಕ ಮನೆಗಳಿಗೆ ಗೊತ್ತಿಲ್ಲ. ರಾಜ್ಯದ ಪರೀಕ್ಷೆಯ ಅರ್ಜಿ ಜೂನಿನಲ್ಲಿ ಬಂತು, ಪರೀಕ್ಷೆ ಆಗಸ್ಟಿನಲ್ಲಿ. ಆದ್ದರಿಂದ ದಸರೆ ಮುಗಿದ ಕೂಡಲೆ ಕಾಗದ ಕೂಡಿಸಲು ಆರಂಭಿಸಬೇಕು. ಒಂದರಿಂದ ಡಿಗ್ರಿಯ ತನಕ ಓದಿದ ಪ್ರತಿ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಜಾತಿ, ಆದಾಯ, ವಾಸ, ೩೭೧ ಜೆ ಇದ್ದವರಿಗೆ ಅದು. ಇಲ್ಲಿಯದನ್ನು ಮೀಸೇವಾದಲ್ಲಿ, ಊರಿನದನ್ನು ನಾಡಕಚೇರಿಯಲ್ಲಿ ಕೇಳಬೇಕು.

ಮೂರನೆಯದು, ಹೆಸರಿನ ತನಿಖೆ. ತೆಲಂಗಾಣದ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಕರ್ನಾಟಕದಲ್ಲಿ ಮಾಡಿಸಿದ ಆಧಾರಿನಲ್ಲಿ ಅದು ಹಿಂದೆ ಬರುತ್ತದೆ, ಇಲ್ಲವೆ ಬರುವುದೇ ಇಲ್ಲ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಇದನ್ನು ಅರ್ಜಿಗೆ ಆರು ತಿಂಗಳು ಮೊದಲೇ ಸರಿಪಡಿಸಿಕೊಳ್ಳಬೇಕು.

ನಾಲ್ಕನೆಯದು, ಅರ್ಜಿ ನಿಧಿ. ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಪೆಂಡಾಲು, ಮೈಕು, ಶಾಲು, ಹಾರಗಳಿಗೆ ಹಣ ಕೂಡಿಸುತ್ತೇವೆ. ಮಾಡೋಣ, ಬೇಡವೆನ್ನುವುದಿಲ್ಲ. ಆದರೆ ಒಂದು ಶಾಲು ಹೊದಿಸುವ ಬದಲು ಒಂದು ಅರ್ಜಿಯ ಶುಲ್ಕ ಕಟ್ಟಿದರೆ ಭುವನೇಶ್ವರಿ ತಾಯಿ ಮುನಿಸಿಕೊಳ್ಳುವಳೇ? ಶುಲ್ಕವನ್ನು ಕೈಗಡವೆಂದು ಕೊಡೋಣ. ದುಡಿಮೆಗೆ ಹತ್ತಿದ ಮೇಲೆ ಮರಳಿಸಿ ಇನ್ನೊಬ್ಬರಿಗೆ ದಾರಿ ಮಾಡಲಿ.

ಐದನೆಯದು, ಮನವಿ. ಸ್ನಾತಕೋತ್ತರ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೂ ನಡೆಸಬೇಕು. ಕಡಿಮೆ ಆದಾಯದವರಿಗೆ, ಯಾವ ಜಾತಿಯವರೇ ಆಗಲಿ, ಅರ್ಜಿ ಶುಲ್ಕ ಮನ್ನಾ ಆಗಬೇಕು. ನಮೂನೆ ಬೇರೆಯಾದರೆ ಸೀಟನ್ನು ಕಾಯ್ದಿಟ್ಟು ಹೊಸ ಕಾಗದ ತರಲು ಸಾಕಷ್ಟು ಮುದ್ದತ್ತು ಕೊಡಬೇಕು. ವಲಸೆ ಬಂದ ಕಾರ್ಮಿಕನ ಮಗುವಿಗೆ ತಂದೆಯ ದುಡಿಮೆಯ ವರ್ಷಗಳನ್ನೂ ಸ್ಥಳೀಯತೆಯ ಲೆಕ್ಕಕ್ಕೆ ಹಿಡಿಯಬೇಕು. ಈ ನಾಲ್ಕು ಬೇಡಿಕೆಗಳಿಗೆ ಪ್ರತಿಯೊಂದು ಹೋಟೆಲಿನಿಂದಲೂ ಸಹಿ ಕೂಡಿಸೋಣ.

ಕಡೆಯದಾಗಿ, ಈ ಊರಿನ ವಿದ್ಯಾವಂತ ಕನ್ನಡಿಗರಲ್ಲಿ ಒಂದು ಮಾತು. ನೀವು ಬ್ಯಾಂಕುಗಳಲ್ಲಿದ್ದೀರಿ, ಕಾಲೇಜುಗಳಲ್ಲಿದ್ದೀರಿ, ಗಚ್ಚಿಬೌಳಿಯ ಗಾಜಿನ ಕಟ್ಟಡಗಳಲ್ಲಿದ್ದೀರಿ. ಊರಿನ ರುಚಿ ನೆನಪಾದಾಗ ನಮ್ಮ ಹೋಟೆಲಿಗೆ ಬಂದು ಕನ್ನಡದಲ್ಲಿ ಕಾಫಿ ಕೇಳುತ್ತೀರಿ, ನಮಗೂ ಸಂತೋಷವೇ. ನಿಮ್ಮ ಕಾಲದಲ್ಲಿ ನಿಮ್ಮ ಅರ್ಜಿಯನ್ನು ಅಣ್ಣನೋ ಮಾವನೋ ನೋಡಿಕೊಟ್ಟಿದ್ದಾರೆ. ನಮ್ಮ ಮಕ್ಕಳಿಗೆ ಅಂಥ ಅಣ್ಣನಿಲ್ಲ, ಮಾವನಿಲ್ಲ. ತಿಂಗಳಿಗೆ ಎರಡು ಮಧ್ಯಾಹ್ನ ಅರ್ಜಿಯ ಮೇಜಿಗೆ ಬನ್ನಿ. ಬರೆದುಕೊಡಬೇಡಿ, ಜೊತೆಗೆ ಕುಳಿತುಕೊಳ್ಳಿ. ಕಾಫಿ ನಮ್ಮದು.

ಸದಸ್ಯರೇ, ಈ ವರ್ಷ ಡಿಗ್ರಿಯ ಕಡೆಯ ವರ್ಷದಲ್ಲಿರುವ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ, ಹೆಸರನ್ನು ಈ ವಾರವೇ ಸಂಘದ ಕಚೇರಿಯಲ್ಲಿ ಬರೆಸಿ. ಮಗಳ ಹೆಸರನ್ನು ಮೊದಲು ಬರೆಸಿ. ಹತ್ತನೆಯ ತರಗತಿಯ ಅಂಕಪಟ್ಟಿಯನ್ನೂ ಆಧಾರನ್ನೂ ಜೊತೆಗೆ ತನ್ನಿ.